ಕಳ್ಳನ ಮೂಗಿನ ಕಡಬು

ಗೊತ್ತಿಲ್ಲದ್ದನ್ನು ಹೇಳುವವರಿಂದ ಆಗುವ ಹಾನಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಗೊತ್ತಿದ್ದುದನ್ನೆಲ್ಲ ಹೇಳಿಬಿಡುವವರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಅಂಥವರು ಎದುರಾದರೆ ಜನ ಗೌರವದಿಂದ ತಲೆದೂಗಿ, ಏನೋ ಕೆಲಸ ನೆನಪಾದಂತೆ ನಿಧಾನವಾಗಿ ಎದ್ದುಹೋಗುತ್ತಾರೆ, ಅಷ್ಟೆ. ನಾನು ಈ ಎರಡನೆಯ ಜಾತಿಗೆ ಸೇರಿದವಳು. ನೋಡಿದವರು ಇದನ್ನು ನಂಬುವುದಿಲ್ಲ. ಏಕೆಂದರೆ ನನಗೆ ಮಾತು ಕಡಿಮೆ. ಅಥಣಿಯಿಂದ ನಮ್ಮೂರು ಕಾಗವಾಡಕ್ಕೆ ಬಸ್ಸಿನಲ್ಲಿ ಬಂದರೆ ದಾರಿಯುದ್ದಕ್ಕೂ ನನ್ನ ಬಾಯಿಂದ ಹೊರಡುವುದು ಊರಿನ ಹೆಸರೊಂದೇ, ಅದೂ ಕಂಡಕ್ಟರು ಕೇಳಿದರೆ. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮನೆತನ, ಅಡ್ಡಹೆಸರು, ಮದುವೆಯ ವಿಚಾರ ಎಲ್ಲವನ್ನೂ ಕೇಳಿ, ಉತ್ತರ ಸಾಲದೆ, ಕೊನೆಗೆ ತನ್ನ ಕಥೆಯನ್ನೇ ಹೇಳಿಕೊಂಡು ಇಳಿದುಹೋಗುತ್ತಾಳೆ. ಮನೆಗೆ ಬಂದವರು ಅವ್ವನಿಗೆ "ಭಾಳ ಶಾಂತ ಹುಡಗಿ ಬಿಡ್ರಿ" ಅನ್ನುತ್ತಾರೆ. ಅವ್ವ "ಹೌದ್ರಿ" ಅನ್ನುತ್ತಾಳೆ, ಆದರೆ ಹಾಗೆ ಅನ್ನುವಾಗ ಅಪ್ಪನ ಮುಖ ನೋಡುವುದಿಲ್ಲ.

ಕಾರಣವೇನೆಂದರೆ, ನಾನು ಧಾರವಾಡದಲ್ಲಿದ್ದು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಆ ವಿಷಯದಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ನನ್ನೊಳಗೆ ಯಾರೋ ನಲ್ಲಿ ತಿರುವಿದಂತಾಗುತ್ತದೆ. ಕೇಳಿದವರಿಗೆ ಬೇಕಾದದ್ದು ಒಂದು ತಂಬಿಗೆ ನೀರು. ನಾನು ಓಣಿಯೆಲ್ಲ ತೋಯಿಸಿಬಿಡುತ್ತೇನೆ. ಉಪ್ಪಿನಕಾಯಿಗೆ ಬೂಷ್ಟು ಬಂದದ್ದನ್ನು ಕಂಡರೆ ಅಪ್ಪ ನನಗೆ ಗೊತ್ತಾಗದಂತೆ ಭರಣಿಯನ್ನು ಹಿತ್ತಿಲಿಗೆ ಒಯ್ಯುತ್ತಿದ್ದರು. ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದಲ್ಲ. ಅರ್ಧ ಹೇಳಿ ನಿಲ್ಲಿಸಲು ಬರುವುದಿಲ್ಲ. ಅರ್ಧ ಸತ್ಯ ಬಾಯಲ್ಲಿ ಉಳಿದರೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಕಾಡುತ್ತದೆ.

ಇಂಥ ನನಗೆ ದೇವರು ಎಂಥ ಅಜ್ಜಿಯನ್ನು ಕೊಟ್ಟನೆಂದರೆ, ಅವಳು ಬದುಕಿನಲ್ಲಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ "ಅದರಾಗ ಏನೈತಿ?" ಎಂಬುದು. ಅಪ್ಪನ ತಾಯಿಯಾದ ಅವಳನ್ನು ನಾವೆಲ್ಲ ಆಯಿ ಅನ್ನುತ್ತೇವೆ. ನಮ್ಮದು ಜೈನರ ಮನೆ, ಅದರಲ್ಲೂ ಆಯಿಯದು ಕಟ್ಟುನಿಟ್ಟು. ನೆಲದೊಳಗೆ ಬೆಳೆದದ್ದು ಒಳಗೆ ಬರುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರೂ ಇಲ್ಲ, ಬಾವಿಯ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸದೆ ಯಾರೂ ಮುಟ್ಟುವಂತಿಲ್ಲ. ಬಿಸ್ಕಿಟು, ಹಲ್ಲುಪುಡಿ, ಮದುವೆಮನೆಯ ಐಸ್‌ಕ್ರೀಮು, ಏನೇ ಬಂದರೂ ಆಯಿ ಮೊದಲು "ಅದರಾಗ ಏನೈತಿ?" ಅನ್ನಬೇಕು. ಹಿಂದೆಲ್ಲ ಮನೆಯವರು "ಏನಿಲ್ಲ, ಬರೇ ಹಿಟ್ಟು, ಸಕ್ರಿ" ಅಂದು ಮುಗಿಸುತ್ತಿದ್ದರು. ನಾನು ಓದಿ ಬಂದ ಮೇಲೆ ಆಯಿ ನೇರವಾಗಿ ನನ್ನನ್ನೇ ಕೇಳತೊಡಗಿದಳು. ಒಮ್ಮೆ ಮೊಸರಿನ ಬಗ್ಗೆ ಕೇಳಿದಳು. ನಾನು ಹೇಳಿದೆ. ಪೂರ್ತಿ ಹೇಳಿದೆ. ಒಂದು ಚಮಚದಲ್ಲಿ ಎಷ್ಟು ಕೋಟಿ ಜೀವಗಳಿರುತ್ತವೆ ಎಂಬಲ್ಲಿಗೆ ಬರುವಷ್ಟರಲ್ಲಿ ಆಯಿ ಬಟ್ಟಲನ್ನು ಸರಿಸಿ ಎದ್ದುಹೋಗಿದ್ದಳು. ಆಮೇಲೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಮಜ್ಜಿಗೆಸಾರು ಆಗಲಿಲ್ಲ. ಅಪ್ಪ ರೊಟ್ಟಿಯನ್ನು ಒಣ ಚಟ್ನಿಗೆ ಹಚ್ಚಿ ತಿನ್ನುತ್ತ ನನ್ನನ್ನು ನೋಡುತ್ತಿದ್ದ ರೀತಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಆದರೆ ನಾನು ಹೇಳಹೊರಟದ್ದು ಎಮ್ಮೆಯ ಸಂಗತಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪರೀಕ್ಷೆ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಮನೆಯಲ್ಲಿ ಕೂತಿದ್ದೆ. ನಮ್ಮ ದೊಡ್ಡ ಎಮ್ಮೆ ಒಂದು ಮುಂಜಾನೆ ಮೇವು ಬಿಟ್ಟಿತು. ಬಾಯಿಂದ ಜೊಲ್ಲು, ಗಂಟಲಲ್ಲಿ ಏನೋ ಸಿಕ್ಕಂಥ ಸದ್ದು, ನೀರು ಮುಂದಿಟ್ಟರೆ ಕುಡಿಯಲಾಗದೆ ಮುಖ ತಿರುಗಿಸುವುದು. ದನ ಕಟ್ಟಿದ ಮನೆಯವರಿಗೆಲ್ಲ ಇದರ ಅರ್ಥ ಒಂದೇ: ಕಬ್ಬಿನ ತುಂಡು ಗಂಟಲಿಗೆ ಅಡ್ಡ ಕೂತಿದೆ. ಆಯಿಗೆ ಇದರಲ್ಲಿ ದೊಡ್ಡ ಹೆಸರು. ಓಣಿಯಲ್ಲಿ ಯಾರ ದನದ ಗಂಟಲಲ್ಲಿ ಏನು ಸಿಕ್ಕರೂ ಆಯಿಯನ್ನೇ ಕರೆಯುತ್ತಿದ್ದರು, ಏಕೆಂದರೆ ಅವಳ ಕೈ ಸಣ್ಣದು. ಅವ್ವ ಎಮ್ಮೆಯ ದವಡೆ ಅಗಲಿಸಿ ಹಿಡಿದಳು, ಆಯಿ ಬಳೆ ಮೇಲೆ ಸರಿಸಿ ಮೊಣಕೈತನಕ ಕೈ ಹಾಕಿದಳು. ಏನೂ ಸಿಗಲಿಲ್ಲ. ಹೊರಗೆ ಬಂದ ಕೈಯ ಮೇಲೆ ಎಮ್ಮೆಯ ಹಲ್ಲು ತರಚಿದ ಗೀರುಗಳಿದ್ದವು, ಅಷ್ಟೆ. ಅವ್ವನ ಬೆರಳಲ್ಲಿ ಮೊದಲೇ ಈಳಿಗೆ ತಾಗಿದ ಗಾಯವಿತ್ತು. ನಾನು ಆ ಹೊತ್ತಿಗೆ ಅಥಣಿಗೆ ಹೋಗಿದ್ದೆ. ಸಂಜೆ ಬಂದಾಗ ಎಮ್ಮೆ ಗೋಡೆಗೆ ಹಾಯುತ್ತಿತ್ತು. ದನದ ದವಾಖಾನೆಯ ಡಾಕ್ಟರು ದೂರದಲ್ಲೇ ನಿಂತು ನೋಡಿ, "ಇದಕ್ಕ ಹುಚ್ಚ ನಾಯಿ ಕಡದೈತ್ರಿ. ಬಾಯಾಗ ಯಾರ್ಯಾರ ಕೈ ಹಾಕೀರಿ, ನಾಳೆನ ಹೋಗಿ ಇಂಜೆಕ್ಷನ್ ಚಾಲೂ ಮಾಡ್ರಿ" ಅಂದರು.

ಸುದ್ದಿ ಹರಡಿದ ಕೂಡಲೆ ಮನೆಗೆ ಜನ ಬಂದರು. ಎಮ್ಮೆ ನೋಡಲು ಅಲ್ಲ. ನಮ್ಮ ಮನೆಯಲ್ಲಿ ಚಹಾ ಕುಡಿದವರೆಲ್ಲ ತಮಗೂ ಏನಾದರೂ ಆದೀತೇ ಎಂದು ಕೇಳಲು. ವರ್ಷಗಟ್ಟಲೆ "ಇವರ ಮನ್ಯಾಗ ಒಂದ ಕಪ್ಪ ಚಹಾನೂ ಕೊಡೂದಿಲ್ಲ" ಎಂದು ಹೇಳಿಕೊಂಡು ತಿರುಗಿದ್ದ ದೂರದ ಸಂಬಂಧಿಯೊಬ್ಬಳು, ಈ ತಿಂಗಳಲ್ಲೇ ತಾನು ಎಷ್ಟು ಸಲ ಕುಡಿದೆನೆಂದು ಬೆರಳು ಮಡಚಿ ಹೇಳಿದಳು. ಕಾಯಿಸಿದ ಹಾಲಿನಿಂದ ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅವಳು ಮತ್ತೊಂದು ಕಪ್ಪು ಕುಡಿದು ಹೋದಳು.

ನಾನು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಈ ರೋಗ ಒಮ್ಮೆ ಕಾಣಿಸಿಕೊಂಡರೆ ಔಷಧವಿಲ್ಲ ಎಂಬುದು ನನಗೆ ಗೊತ್ತಿತ್ತು. ಕಾಣಿಸಿಕೊಳ್ಳುವ ಮೊದಲು ಲಸಿಕೆ ಬಿದ್ದರೆ ಮಾತ್ರ ಉಳಿವು. ಇಬ್ಬರ ಕೈಗಳನ್ನೂ ಸಾಬೂನು ಹಚ್ಚಿ ಹಚ್ಚಿ ತೊಳೆಸಿದೆ. ಹೊಕ್ಕುಳ ಸುತ್ತ ಚುಚ್ಚುವ ಹಳೆಯ ಲಸಿಕೆ ಆಗಲೂ ಸಿಗುತ್ತಿತ್ತು. ಅದನ್ನು ತಯಾರಿಸುವುದು ಕುರಿಯ ಮೆದುಳಿನಿಂದ. ಅದನ್ನು ಆಯಿಯ ಎದುರು ಬಾಯಿ ಬಿಡದೆ, ಅಪ್ಪನನ್ನು ಮೂಲೆಗೆ ಕರೆದು, ಗಡಿಯಾಚೆಯ ಮೀರಜಿಗೆ ಹೋಗಿ ತೋಳಿಗೆ ಚುಚ್ಚುವ ಹೊಸದನ್ನೇ ಹಾಕಿಸೋಣ ಎಂದು ಒಪ್ಪಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಹೇಳದೆ ಇರುವುದು ಇಷ್ಟು ಸುಲಭವೇ ಎಂದುಕೊಂಡೆ.

ಮರುದಿನ ಆಯಿ ಹಸಿರು ಸೀರೆ ಉಟ್ಟು, ಸೋಸಿದ ನೀರಿನ ತಂಬಿಗೆ ಹಿಡಿದು, ಬಸ್ಸಿಗೆ ಹೊರಡಲು ಪಡಸಾಲೆಗೆ ಬಂದಳು. ಚಪ್ಪಲಿ ಮೆಟ್ಟುತ್ತ, ಹವೆ ಹೇಗಿದೆ ಎಂದು ಕೇಳುವ ಧಾಟಿಯಲ್ಲಿ, ಕೇಳಿದಳು: "ಜಯಾ, ಅದರಾಗ ಏನೈತಿ?"

"ಯಾತರಾಗ ಆಯಿ?"

"ಇಂಜೆಕ್ಷನ್‌ದಾಗ."

ಅಪ್ಪ ಆಯಿಯ ಬೆನ್ನ ಹಿಂದೆ ನಿಂತು ನನಗೆ ಕಣ್ಣು, ಹುಬ್ಬು, ಕೈ ಎಲ್ಲ ಮಾಡಿದರು. ನಾನು ಅದನ್ನು ನೋಡಿದೆ ಕೂಡ. ಆದರೆ ನಲ್ಲಿ ತಿರುವಿಯಾಗಿತ್ತು.

"ಅದರಾಗ ಆ ರೋಗದ ಜಂತುನ ಇರತೈತಿ ಆಯಿ. ಆದ್ರ ಅಂಜಬ್ಯಾಡ, ಸತ್ತದ್ದು."

"ತಾನ ಸತ್ತದ್ದೋ, ಕೊಂದದ್ದೋ?"

"ಕೊಂದದ್ದು."

"ಯಾರ ಕೊಂದಾರ?"

"ಕಾರಖಾನ್ಯಾಗ."

"ಯಾರ ಸಲುವಾಗಿ?"

"ಚುಚ್ಚಿಸ್ಕೊಳ್ಳೋರ ಸಲುವಾಗಿ."

"ಅಂದ್ರ ನನ್ನ ಸಲುವಾಗಿ," ಅಂದಳು ಆಯಿ, ಮತ್ತು ಚಪ್ಪಲಿ ಬಿಟ್ಟಳು.

ಆಯಿಯ ಲೆಕ್ಕ ನಮಗೆಲ್ಲ ಬಾಯಿಪಾಠ. ಹಿಂಸೆಯನ್ನು ತಾನೇ ಮಾಡುವುದು ಒಂದು, ಇನ್ನೊಬ್ಬರಿಂದ ಮಾಡಿಸುವುದು ಇನ್ನೊಂದು, ಮಾಡಿದ್ದನ್ನು ಒಪ್ಪಿಕೊಳ್ಳುವುದು ಮೂರನೆಯದು. ಮೂರೂ ಪಾಪವೇ. ನಾನು ನನ್ನ ಶಾಸ್ತ್ರದ ಕಡೆಯಿಂದ ಒಂದು ದಾರಿ ಹುಡುಕಿದೆ. ಈ ಜಂತು ಬ್ಯಾಕ್ಟೀರಿಯಾದಂಥದ್ದಲ್ಲ, ವೈರಸ್ಸು. ಅದು ತಾನಾಗಿ ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಬೇರೆ ಜೀವದೊಳಗೆ ಹೊಕ್ಕಾಗ ಮಾತ್ರ ಬೆಳೆಯುತ್ತದೆ. ಅದಕ್ಕೆ ಜೀವ ಇದೆ ಎನ್ನುವುದೇ ಕಷ್ಟ ಎಂದೆ.

"ಹಂಗಾರ ಜೀವ ಇಲ್ಲ?" ಅಂದಳು ಆಯಿ, ಆಸೆಯಿಂದಲೇ.

"ಇಲ್ಲ" ಅಂದಿದ್ದರೆ ಬಸ್ಸು ಸಿಗುತ್ತಿತ್ತು. ನಾನು ಹೇಳಿದ್ದು: "ಇಲ್ಲ ಅನ್ನಾಕೂ ಬರೂದಿಲ್ಲ ಆಯಿ. ಶಾಸ್ತ್ರಜ್ಞರು ಇನ್ನೂ ತೀರ್ಮಾನ ಮಾಡಿಲ್ಲ."

"ತೀರ್ಮಾನ ಆಗೂಮಟ ಕೊಲ್ಲಬಾರದಿತ್ತಲ್ಲ," ಅಂದು ಆಯಿ ಪಡಸಾಲೆಯ ಮಣೆಯ ಮೇಲೆ ಕೂತಳು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿ ದೂರವಾಯಿತು.

ಇಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. ಆದರೆ ಆಯಿ, "ಕೊಲ್ಲಲಾರದ ಮಾಡೂ ಇಂಜೆಕ್ಷನ್ ಇಲ್ಲೇನಬೇ?" ಎಂದು ಕೇಳಿಬಿಟ್ಟಳು. ಇಂಥ ಪ್ರಶ್ನೆಯನ್ನು ನನ್ನ ಜೊತೆಗೆ ಓದಿದವರಲ್ಲಿ ಒಬ್ಬರೂ ಕೇಳಿರಲಿಲ್ಲ. ಧಾರವಾಡದ ಗ್ರಂಥಾಲಯದಲ್ಲಿ ಓದಿ ನಾನು ಯಾರಿಗೂ ಹೇಳಲಾಗದೆ ಇಟ್ಟುಕೊಂಡಿದ್ದ ಸಂಗತಿಯೊಂದು ಹೊರಗೆ ಬರಲು ಹವಣಿಸಿತು. ನಾನು ಆಯಿಯ ಮುಂದೆ ನೆಲದ ಮೇಲೆ ಕೂತೆ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತರು.

ನೋಡು ಆಯಿ, ಅಂದೆ. ನಮ್ಮ ಮನೆಯಲ್ಲಿ ಏನು ಅಡಿಗೆ ಆಗಬೇಕೆಂದು ಹೇಳುವವಳು ನೀನು. ನೀನು ಪಡಸಾಲೆ ಬಿಟ್ಟು ಏಳುವುದಿಲ್ಲ. ಅಡಿಗೆ ಮಾಡುವವಳು ಅವ್ವ. ಅವಳು ಒಲೆ ಬಿಟ್ಟು ಬರುವುದಿಲ್ಲ. ನಡುವೆ ಓಡಾಡಿ ನಿನ್ನ ಮಾತನ್ನು ಅವಳಿಗೆ ಮುಟ್ಟಿಸುವವಳು ನಾನು. ನಮ್ಮ ಮೈಯ ಒಂದೊಂದು ಕಣವೂ ಹೀಗೆಯೇ ಒಂದು ಮನೆ. ಒಳಗಿನ ಕೋಣೆಯಲ್ಲಿ ಹಿರಿಯರ ಅಪ್ಪಣೆ ಭದ್ರವಾಗಿರುತ್ತದೆ, ಅದು ಹೊರಗೆ ಬರುವುದಿಲ್ಲ. ಅದರ ಮಾತನ್ನು ಹೊತ್ತು ಒಬ್ಬ ದೂತ ಅಡಿಗೆಮನೆಗೆ ಹೋಗುತ್ತಾನೆ. ಅವನ ಹೆಸರು ಎಂ-ಆರ್‌ಎನ್‌ಎ. ಅಡಿಗೆಮನೆ ಅವನು ಹೇಳಿದ ಪ್ರೋಟೀನು ಮಾಡಿ ಇಡುತ್ತದೆ. ನಿನ್ನನ್ನು ಕಳಿಸಿದವರು ಯಾರು, ಏಕೆ ಎಂದು ಕೇಳುವುದಿಲ್ಲ.

"ಸುನಂದಾನೂ ಕೇಳೂದಿಲ್ಲ," ಅಂದಳು ಆಯಿ, ಸಮಾಧಾನದಿಂದ. ಸುನಂದಾ ಎಂದರೆ ನನ್ನ ಅವ್ವ. ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ವೈರಸ್ಸು ಎಂಬ ಕಳ್ಳನಿಗೆ ಮೈಮೇಲೆಲ್ಲ ಮೂಗಿನಂಥ ಉಬ್ಬುಗಳಿರುತ್ತವೆ, ಅಂದೆ. ಆ ಮೂಗಿನಿಂದಲೇ ಅವನು ಬಾಗಿಲು ತಳ್ಳಿ ಒಳಗೆ ಬರುವುದು. ಈಗ ಸಿಗುವ ಲಸಿಕೆ ಏನು ಮಾಡುತ್ತದೆಂದರೆ, ಸತ್ತ ಕಳ್ಳನನ್ನೇ ತಂದು ಮನೆಯ ಕಾವಲುಗಾರರಿಗೆ ತೋರಿಸಿ, ಇಂಥ ಮೂಗಿನವನು ಬಂದರೆ ಹಿಡಿಯಿರಿ ಅನ್ನುತ್ತದೆ. ಅದರ ಬದಲು ನಾವೇ ಒಬ್ಬ ದೂತನನ್ನು ಅಡಿಗೆಮನೆಗೆ ಕಳಿಸಿ, ಕಳ್ಳನ ಮೂಗಿನ ಆಕಾರದ ಕಡಬು ಮಾಡು ಎಂದು ಹೇಳಿಸಿದರೆ? ಕಳ್ಳ ಬೇಡ, ಹೆಣ ಬೇಡ. ಕಡಬು ಕಂಡು ಕಾವಲುಗಾರರು ಮೂಗಿನ ಗುರುತು ಹಿಡಿದುಕೊಳ್ಳುತ್ತಾರೆ. ಹೇಳಿದ ದೂತನೂ ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತಾನೆ, ಗಾಳಿಯಲ್ಲಿ ಆಡಿದ ಮಾತಿನ ಹಾಗೆ.

ಆಯಿಯ ಮುಖ ಅರಳಿತು. "ಆಮ್ಯಾಲ ಖರೇ ಕಳ್ಳ ಬಂದ್ರ? ಅಂವನ್ನ ಹೊಡದ ಕೊಲ್ಲತಾರೇನು?"

"ಇಲ್ಲ ಆಯಿ. ಆ್ಯಂಟಿಬಾಡಿ ಅಂತ ಮೈ ತಾನ ತಯಾರ ಮಾಡತೈತಿ. ಅದು ಕೊಲ್ಲೂದಿಲ್ಲ. ಕಳ್ಳನ ಮೂಗಿಗೆ ಹೋಗಿ ಅಂಟಕೋತೈತಿ. ಮೂಗ ಮುಚ್ಚಿದ ಮ್ಯಾಲ ಬಾಗಲಾ ತಳ್ಳಾಕ ಆಗೂದಿಲ್ಲ. ನೀ ನೀರು ಸೋಸ್ತಿಯಲ್ಲ, ಅರಿವ್ಯಾಗ ಜಂತು ಸಿಕ್ಕೊಂಡು ಒಳಗ ಬರೂದಿಲ್ಲಲ್ಲ, ಹಂಗ."

"ಸೋಸಿದ್ದನ್ನ ಎಲ್ಲಿ ಬಿಡತಾವ?"

ನೀರು ಸೋಸಿದ ಅರಿವೆಯನ್ನು ನಮ್ಮಲ್ಲಿ ಎಲ್ಲೆಂದರಲ್ಲಿ ಹಿಂಡುವುದಿಲ್ಲ. ಅದರಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ಮರಳಿಸಬೇಕು. ಆಯಿ ಇದನ್ನು ಜ್ವರದಲ್ಲೂ ತಪ್ಪಿಸಿದವಳಲ್ಲ. ಆದರೆ ದೇಹದಲ್ಲಿ ಅಂಥ ಬಾವಿ ಇಲ್ಲ. ಆ್ಯಂಟಿಬಾಡಿ ಅಂಟಿದ ವೈರಸ್ಸನ್ನು ದೊಡ್ಡದೊಂದು ಕಣ ಬಂದು ಪೂರ್ತಿ ನುಂಗಿ ಅರಗಿಸಿಕೊಳ್ಳುತ್ತದೆ. ನಾನು ಬಾಯಿ ತೆರೆದೆ. ಆಯಿ ನನ್ನ ಮುಖ ನೋಡಿ ಕೈ ಎತ್ತಿದಳು. "ಬ್ಯಾಡ. ಅದನ್ನ ಹೇಳಬ್ಯಾಡ. ಈ ಕಡಬಿನ ಇಂಜೆಕ್ಷನ್ನ ತರಸು. ನಾ ತಗೋತೇನಿ."

"ಅದು ಇನ್ನೂ ಬಂದಿಲ್ಲ ಆಯಿ. ಇಲಿಗೆ ಮಾತ್ರ ಕೊಟ್ಟ ನೋಡ್ಯಾರ. ಅದೂ ಈ ರೋಗದ್ದಲ್ಲ, ಬ್ಯಾರೆ ಪ್ರೋಟೀನಿಂದು. ಇಲಿಯ ಸ್ನಾಯು ಅದನ್ನ ಮಾಡಿ ತೋರಿಸೇತಿ."

"ಇಲಿಗೆ ಸಿಗತೈತಿ, ನನಗ ಸಿಗೂದಿಲ್ಲ?"

"ಬರಾಕ ಭಾಳ ವರ್ಷ ಬೇಕು."

"ಅಡ್ಡಿಯಿಲ್ಲ, ಕಾಯ್ತೇನಿ," ಅಂದಳು ಆಯಿ. ನಂತರ ಜಪದ ಸರ ತೆಗೆದುಕೊಂಡು ಕಣ್ಣು ಮುಚ್ಚಿದಳು.

ಆ ದಿನ ಮನೆಯಲ್ಲಿ ನನ್ನ ಸ್ಥಾನ ಎಮ್ಮೆಗಿಂತ ಕೆಳಗಿತ್ತು. ಅಪ್ಪ ಸಿಟ್ಟು ಮಾಡುವವರಲ್ಲ. ಹಿತ್ತಿಲಲ್ಲಿ ನನ್ನನ್ನು ನಿಲ್ಲಿಸಿ ಬಹಳ ದುಃಖದಿಂದ ಹೇಳಿದರು: "ಇಷ್ಟ ಓದಸಿದ್ವಿ ಜಯಾ. ಒಂದ ಸುಳ್ಳ ಹೇಳಾಕ ಕಲಿಲಿಲ್ಲಲ್ಲ ನೀ." ಟಾನಿಕ್ಕು ಅಂದಿದ್ದರೆ ಮುಗಿಯುತ್ತಿತ್ತು ಎಂಬುದು ಅವರ ವಾದ. ಅವರು ಬಸದಿಯ ಪಂಡಿತರನ್ನು ಕೇಳಿ ಬಂದರು. ಶರೀರ ಉಳಿದರೆ ತಾನೇ ಧರ್ಮ, ಅವಶ್ಯವಾಗಿ ತಗೊಳ್ಳಲಿ ಎಂದು ಪಂಡಿತರು ಹೇಳಿದ್ದರು. ಆಯಿ ಕಣ್ಣು ತೆರೆಯದೆ, "ಕೈ ತರಚಿದ್ದು ನಂದು, ಹೇಳಾಂವ ಅಂವ" ಅಂದಳು. ನಾನು ಅಂದು ಊಟ ಮಾಡಲಿಲ್ಲ. ಆಯಿಯ ಕೈಯ ಗೀರುಗಳ ಕಡೆಗೇ ಕಣ್ಣು ಹೋಗುತ್ತಿತ್ತು. ಆ ಗೀರಿನಿಂದ ವೈರಸ್ಸು ನರ ಹಿಡಿದು ಮೇಲಕ್ಕೆ ಹೊರಟಿದ್ದರೆ ಎಷ್ಟು ನಿಧಾನವಾಗಿ, ಯಾವ ದಾರಿಯಿಂದ ಹೋಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ತಿಳಿವಳಿಕೆಯಿಂದ ಧೈರ್ಯ ಬರುತ್ತದೆ ಎನ್ನುವವರು ಈ ಪಾಠ ಓದಿರುವುದಿಲ್ಲ.

ಮರುದಿನ ಮುಂಜಾನೆ ಅವ್ವ ಮೀರಜಿಗೆ ಹೋಗಬೇಕಿತ್ತು. ಅವಳಿಗೇನೂ ಆಕ್ಷೇಪವಿರಲಿಲ್ಲ. ಅಪ್ಪ ಅಂಗಿ ತೊಟ್ಟು ಬಂದು ನೋಡಿದರೆ ಅವ್ವ ಒಲೆಯ ಮುಂದೆ, ಬೆರಳಿಗೆ ಅರಿವೆ ಸುತ್ತಿಕೊಂಡು, ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಏಳು, ಬಸ್ಸಿನ ಹೊತ್ತಾತು," ಅಂದರು ಅಪ್ಪ.

"ನಾ ಬರೂದಿಲ್ರಿ. ಅತ್ಯಾರು ತಗೊಳ್ಳೂದಿಲ್ಲ ಅಂದ್ರ ನಾ ಹೆಂಗ ತಗೊಳ್ಲಿ?"

ಪಡಸಾಲೆಯಲ್ಲಿ ಜಪದ ಸರ ನಿಂತಿತು. "ಸುನಂದಾ," ಆಯಿ ಅಲ್ಲಿಂದಲೇ ಕರೆದಳು, "ನೀ ಹೋಗಿ ಬಾ."

"ನಿಮಗ ಪಾಪ ಅಂದ್ರ ನನಗೂ ಪಾಪನಲ್ರಿ ಅತ್ಯಾರ," ಅಂದಳು ಅವ್ವ. ದನಿಯಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ದನಿ. "ಈ ಮನಿಗೆ ಬಂದಾಗಿಂದ ನೀವು ಬಿಟ್ಟದ್ದನ್ನೆಲ್ಲಾ ನಾನೂ ಬಿಟ್ಟೇನಿ. ಗಜ್ಜರಿ ಬಿಟ್ಟೆ, ಬಟಾಟಿ ಬಿಟ್ಟೆ, ಉಳ್ಳಾಗಡ್ಡಿ ಬಿಟ್ಟೆ. ಮೊನ್ನೆ ಮಸರೂ ಬಿಟ್ಟೆ. ಇದೊಂದ ಯಾಕ ಇಟ್ಕೊಳ್ಲಿ?"

"ಹುಚ್ಚಿ, ಇದು ಉಳ್ಳಾಗಡ್ಡಿ ಅಲ್ಲ. ಸಾಯ್ತಿ."

"ನೀವೂನು ಸಾಯ್ತೀರಿ."

"ನಂದ ಆತು. ನಿನಗ ಮಕ್ಕಳದಾರ."

"ನಿಮಗ ಇಲ್ಲೇನ್ರಿ?" ಅಂದಳು ಅವ್ವ. ಆಯಿಯ ಮಗ ಅಂಗಿಯ ಗುಂಡಿ ಹಾಕುವುದನ್ನು ಅರ್ಧಕ್ಕೆ ಬಿಟ್ಟು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದರು.

ಅವ್ವ ನಿಜವಾಗಿಯೂ ಹಾಗೆ ನಿಶ್ಚಯಿಸಿದ್ದಳೋ, ನಾಟಕ ಹೂಡಿದ್ದಳೋ ನನಗೆ ಇಂದಿಗೂ ತಿಳಿಯದು. ಕೇಳಿದರೆ "ಏನೋ ಅಂದೆ" ಅನ್ನುತ್ತಾಳೆ. ಆದರೆ ಆಯಿಯ ಲೆಕ್ಕ ತಿರುಗಿಬಿದ್ದದ್ದು ಮಾತ್ರ ನನ್ನ ಕಣ್ಣಿಗೆ ಕಂಡಿತು. ಆ ಕಡೆ, ಜೀವ ಇದೆಯೋ ಇಲ್ಲವೋ ತೀರ್ಮಾನವಾಗದ, ಹೇಗೂ ಸತ್ತುಹೋದ ಜಂತು. ಈ ಕಡೆ, ಐದೂ ಇಂದ್ರಿಯಗಳುಳ್ಳ, ರೊಟ್ಟಿ ಬಡಿಯುತ್ತಿರುವ ಸೊಸೆ. ತಾನು ಕೂತಲ್ಲಿಂದ ಏಳದಿದ್ದರೆ ಸೊಸೆಯ ಸಾವನ್ನು ಮಾಡಿಸಿದ ಪಾಪ ನೇರವಾಗಿ ತನ್ನ ತಲೆಗೆ. ನಾನು ಅಷ್ಟೆಲ್ಲ ವಿಜ್ಞಾನ ಹೇಳಿದೆನಲ್ಲ, ಈ ಸರಳ ವಾದ ನನಗೆ ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ? ಅತ್ತೆಯ ಮಾತು ಮೀರದೆ ಅತ್ತೆಯನ್ನು ಎಬ್ಬಿಸುವ ವಿದ್ಯೆಯನ್ನು ಧಾರವಾಡದಲ್ಲಿ ಕಲಿಸುವುದಿಲ್ಲ.

"ಒಲಿ ಆರಸು," ಅಂದಳು ಆಯಿ. "ಸೀರಿ ಉಡು. ಇನ್ನೊಂದು ಬಸ್ಸ ಐತಿ."

ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಆಯಿ ಪಾಪವನ್ನು ಹಂಚಿದಳು. ಕೊಂದ ಪಾಪ ಕಾರಖಾನೆಯವರದು, ಅದನ್ನು ಅವರು ನೋಡಿಕೊಳ್ಳಲಿ. ಮಾಡಿಸಿದ ಪಾಪ ಚುಚ್ಚಿಸಿಕೊಳ್ಳುವವರದು. ಅದಕ್ಕಾಗಿ ಇಂಜೆಕ್ಷನ್ನಿನ ದಿನ ತಾನೂ ಸುನಂದಾಳೂ ಒಂದೇ ಊಟ. "ಒಪ್ಪಿದ ಪಾಪ ಯಾರದು? ಚಲೋ ಐತಿ, ತಗೋ ತಗೋ ಅಂತ ಬೆನ್ನ ಹತ್ತಿದಾಕಿ ಯಾರು?"

"ನಾನೂ ಒಂದ ಊಟ ಬಿಡತೇನಿ ಆಯಿ," ಅಂದೆ.

"ನಿನಗ ಅದೇನ ಕಷ್ಟ? ಓದಕೋತ ಕುಂತ್ರ ಉಂಡದ್ದೂ ನೆನಪಿರೂದಿಲ್ಲ, ಬಿಟ್ಟದ್ದೂ ನೆನಪಿರೂದಿಲ್ಲ. ನೀ ಮೌನ ಹಿಡಿ. ಇಂಜೆಕ್ಷನ್ ದಿನ ಮನಿ ಬಿಟ್ಟಾಗಿಂದ ಹೊತ್ತ ಮುಳಗೂಮಟ."

ಅಪ್ಪ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

ನನಗೆ ಒಳಗೊಳಗೇ ನಗು ಬಂತು. ಮೊದಲೇ ಮಾತು ಕಡಿಮೆ ಇರುವವಳಿಗೆ ಮೌನದ ಶಿಕ್ಷೆಯೆಂದರೆ ಮೀನಿಗೆ ಸ್ನಾನದ ಶಿಕ್ಷೆಯಂತೆ. ಹಾಗೆಂದುಕೊಂಡೇ ಮೀರಜ್ ಮುಟ್ಟಿದೆ. ಡಾಕ್ಟರು ನಡುವಯಸ್ಸಿನವರು, ಮಮತೆಯ ಮನುಷ್ಯ, ಮರಾಠಿಯ ನಡುವೆ ಕನ್ನಡ ಸೇರಿಸಿ ಮಾತಾಡುವವರು. ಅವ್ವ, ಆಯಿ ಇಬ್ಬರಿಗೂ ಮೊದಲ ಚುಚ್ಚು ಹಾಕಿ, ಓದಿದವಳಂತೆ ಕಂಡ ನನ್ನತ್ತ ತಿರುಗಿ ಮುಂದಿನ ದಿನಗಳ ವಿವರ ಹೇಳಿ, "ತಿಳೀತೇನವಾ?" ಅಂದರು. ನಾನು ತಲೆಯಾಡಿಸಿದೆ. ಇನ್ನೇನೋ ಕೇಳಿದರು. ಬೆರಳಲ್ಲಿ ತೋರಿಸಿದೆ.

"ಆಕಿ ಮಾತಾಡೂದಿಲ್ಲಪಾ," ಅಂದಳು ಆಯಿ.

"ಅರೆರೆ. ಹುಟ್ಟಿದಾಗಿಂದನ?"

ಆಯಿ ಪ್ರಾಮಾಣಿಕವಾಗಿ ಯೋಚಿಸಿದಳು. "ಹೌದು. ಸಣ್ಣಾಕಿದ್ದಾಗಿಂದನೂ ಮಾತ ಕಡಿಮಿನ."

ಡಾಕ್ಟರು ನನ್ನ ತಲೆ ಸವರಿದರು. ಅಂದಿನಿಂದ ಅವರು ನನ್ನೊಡನೆ ಕೈಸನ್ನೆಯಲ್ಲಿ ಮಾತಾಡತೊಡಗಿದರು. ಮನೆಗೆ ಬಂದು ಹೊತ್ತು ಮುಳುಗಿದ ಕೂಡಲೆ ನಾನು ಅವ್ವನಿಗೆ ಅಂದೆ, ಅವರಿಗೆ ನಿಜ ಹೇಳಬೇಕಿತ್ತು ಎಂದು. ಅವ್ವ, "ಇರಲಿ ಬಿಡು, ಎಷ್ಟ ಕಾಳಜಿ ಮಾಡಿದ್ರು ಪಾಪ" ಅಂದಳು. ಮುಂದಿನ ಸಲ ಹೋದಾಗ ಡಾಕ್ಟರು ನಾಯಿ ಎಂಬುದನ್ನು ಕಿವಿಯ ಮೇಲೆ ಎರಡು ಕೈ ಇಟ್ಟು ತೋರಿಸಿದರು. ಅದರ ಮುಂದಿನ ಸಲ ಎಮ್ಮೆಗೆ ಕೋಡು ಮಾಡಿದರು. ಅವರಿಗೂ ಅಭ್ಯಾಸವಾಗುತ್ತ ಬಂದಿತ್ತು.

ಕೊನೆಯ ಇಂಜೆಕ್ಷನ್ನಿನ ದಿನ ಬಂತು. ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಅವ್ವನದು ಮುಗಿಯಿತು. ಆಯಿ ಕುಪ್ಪಸದ ತೋಳು ಮಡಚಿ ಸ್ಟೂಲಿನ ಮೇಲೆ ಕೂತಳು. ಸಿರಿಂಜು ಹಿಡಿದ ಡಾಕ್ಟರು, ಬಹುಶಃ ವಿದಾಯದ ಸಂತೋಷಕ್ಕೆ, ಈ ಔಷಧ ಹೇಗೆ ಕೆಲಸ ಮಾಡುತ್ತದೆಂದು ಮೂಕ ಹುಡುಗಿಗೆ ತಿಳಿಸಲು ನಿರ್ಧರಿಸಿದರು. ಸಿರಿಂಜಿನ ಒಳಗೆ ತೋರಿಸಿ ಮೀಸೆ ತಿರುವಿದರು: ಸಿಪಾಯಿಗಳು. ತೋಳಿನ ಉದ್ದಕ್ಕೂ ಬೆರಳು ಓಡಿಸಿದರು: ರಕ್ತದಲ್ಲಿ ಓಟ. ಆಮೇಲೆ ಎಡಗೈ ಮುಷ್ಟಿಯ ಮೇಲೆ ಬಲಗೈಯ ಕತ್ತಿ ಬೀಸಿ, ನನಗೆ ಕೇಳಿಸುತ್ತದೆಂಬುದು ನೆನಪಾದಂತೆ ಬಾಯಲ್ಲೂ ಹೇಳಿದರು: "ಜಂತುಗಳನ್ನ ಹಿಡದ ಹಿಡದ ಕೊಲ್ಲತಾವ. ಖಲ್ಲಾಸ್."

ಆಯಿ ತೋಳನ್ನು ಇಳಿಸಿದಳು.

ಅವ್ವ ನನ್ನನ್ನು ನೋಡಿದಳು. ನಾನು ತುಟಿ ಕಚ್ಚಿ ಕೂತಿದ್ದೆ. ಸಿಪಾಯಿಗಳು ಸಿರಿಂಜಿನಲ್ಲಿರುವುದಿಲ್ಲ, ದೇಹವೇ ತಯಾರಿಸುತ್ತದೆ. ಆ್ಯಂಟಿಬಾಡಿ ಕತ್ತಿ ಹಿಡಿದದ್ದಲ್ಲ, ಅಂಟಿಕೊಳ್ಳುವುದು. ಒಂದೇ ವಾಕ್ಯದಲ್ಲಿ ಎರಡು ತಪ್ಪು, ಅದೂ ಕೈಸನ್ನೆಯಲ್ಲಿ. ನನ್ನ ಇಪ್ಪತ್ತು ಚಿಲ್ಲರೆ ವರ್ಷಗಳ ಬದುಕಿನಲ್ಲಿ ಮಾತು ಅಷ್ಟು ಬಲವಾಗಿ ಗಂಟಲಿಗೆ ಬಂದದ್ದಿಲ್ಲ. ಮೌನ ಮುರಿದರೆ ಆಯಿಯ ಪಾಲಿಗೆ ಪ್ರಾಯಶ್ಚಿತ್ತವೇ ಕೆಟ್ಟಂತೆ, ಆಮೇಲೆ ಅವಳು ಚುಚ್ಚಿಸಿಕೊಳ್ಳುವ ಮಾತೇ ಇಲ್ಲ. ಮುರಿಯದಿದ್ದರೆ ಡಾಕ್ಟರ ಕತ್ತಿ ಅಲ್ಲಿಯೇ ಗಾಳಿಯಲ್ಲಿ.

ಆಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅಲ್ಲಿ ಏನು ಕಂಡಳೋ, ಡಾಕ್ಟರ ಕಡೆಗೆ ತಿರುಗಿದಳು.

"ಹಂಗಲ್ಲಪಾ ಡಾಕ್ಟರ," ಅಂದಳು. "ನಿನ್ನ ಸೂಜ್ಯಾಗ ಸಿಪಾಯಿ ಎಲ್ಲಿಂದ ಬರಬೇಕು? ಅದರಾಗಿರೂದು ಸತ್ತ ಕಳ್ಳ. ಅಂವನ ಮೂಗ ನೋಡಿ ಮೈ ಗುರ್ತ ಹಿಡ್ಕೋತೈತಿ. ಆಮ್ಯಾಲ ತಾನ ಸೋಸೂ ಅರಿವಿ ನೇಯತೈತಿ. ಜೀವಂತ ಕಳ್ಳ ಬಂದ್ರ ಅರಿವ್ಯಾಗ ಸಿಕ್ಕೋತಾನ, ಬಾಗಲಾ ದಾಟೂದಿಲ್ಲ. ಕೊಲ್ಲೂದ ಎಲ್ಲಿ ಬಂತು ಇದರಾಗ? ಹಾ, ಚುಚ್ಚು." ಮತ್ತೆ ತೋಳು ಮಡಚಿದಳು.

ಡಾಕ್ಟರು ಚುಚ್ಚಿದರು. ಹತ್ತಿ ಒತ್ತಿ ಹಿಡಿದರು. "ಆಜಿ," ಅಂದರು, "ನಾನು ಹುಡಗರಿಗೆ ಇದನ್ನ ಇಷ್ಟ ಚಂದಾಗಿ ಎಂದೂ ಹೇಳಿಲ್ಲರಿ. ನಿಮಗ ಯಾರ ಹೇಳಿದ್ರು?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡೆ.

ಆಯಿ ಕುಪ್ಪಸದ ತೋಳು ಇಳಿಸುತ್ತ ಅಂದಳು: "ಯಾರ ಹೇಳಬೇಕಪಾ? ದಿನಾ ನೀರ ಸೋಸಿ ಕುಡಿಯೋರಿಗೆ ಇದೇನ ದೊಡ್ಡ ಮಾತು."

ಡಾಕ್ಟರು ನನ್ನತ್ತ ತಿರುಗಿದರು. ಆಯಿಯ ಕಡೆಗೆ ಬೆರಳು ತೋರಿಸಿ, ತಮ್ಮ ಹಣೆಯನ್ನು ಎರಡು ಸಲ ತಟ್ಟಿ, ಆಮೇಲೆ ನನ್ನ ಹಣೆಯನ್ನು ತೋರಿಸಿ, ಅಲ್ಲಿಂದ ಇಲ್ಲಿಗೆ ಏನನ್ನೋ ಸುರಿದಂತೆ ಕೈ ಮಾಡಿದರು: ನಿನ್ನ ಅಜ್ಜಿ ಬಹಳ ಶಾಣ್ಯಾಕಿ, ಅವಳಿಂದ ಒಂದಿಷ್ಟು ಕಲಿತುಕೋ. ನಾನು ತಲೆಯಾಡಿಸಿದೆ. ಹೊತ್ತು ಮುಳುಗುವುದಕ್ಕೆ ಇನ್ನೂ ಬಹಳ ಸಮಯವಿತ್ತು.